ಮಕ್ಕಳ ವಾರ್ಡಿನ ಬಾಗಿಲಲ್ಲಿ: ಆಸ್ಟ್ರೇಲಿಯದ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರು

ಆಸ್ಟ್ರೇಲಿಯದ ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ಒಂದು ಹುದ್ದೆಯಿದೆ. ಅದರಲ್ಲಿರುವವರು ವೈದ್ಯರಲ್ಲ, ಬಹುಮಟ್ಟಿಗೆ ದಾದಿಯರೂ ಅಲ್ಲ. ಆ ನಾಡಿನ ಮೂಲನಿವಾಸಿ ಸಮುದಾಯಕ್ಕೆ ಸೇರಿರಬೇಕು ಎಂಬುದೇ ಅದರ ಮೊದಲ ಅರ್ಹತೆ. ದೂರದ ಊರಿನಿಂದ ಮೂಲನಿವಾಸಿ ಮಗುವೊಂದು ಬಂದು ದಾಖಲಾಯಿತೆಂದು ತಿಳಿದೊಡನೆ ಇವರು ವಾರ್ಡಿಗೆ ಹೋಗುತ್ತಾರೆ. ತಾಯಿಯ ಪಕ್ಕದಲ್ಲಿ ಕುಳಿತು ಊರು, ಬಂಧುಬಳಗ ವಿಚಾರಿಸುತ್ತಾರೆ. ವೈದ್ಯರು ಅವಸರದಲ್ಲಿ ಹೇಳಿಹೋದುದನ್ನು ನಿಧಾನವಾಗಿ ಬಿಡಿಸಿ ಹೇಳುತ್ತಾರೆ; ತಾಯಿ ಹೇಳಲಾರದೆ ನುಂಗಿಕೊಂಡದ್ದನ್ನು ವೈದ್ಯರಿಗೆ ಮುಟ್ಟಿಸುತ್ತಾರೆ. ಜೊತೆಗೆ ಬಂದ ಅಜ್ಜಿಗೆ ಮಲಗಲು ಕೋಣೆ, ಊರಲ್ಲಿ ಬಿಟ್ಟುಬಂದ ಉಳಿದ ಮಕ್ಕಳ ಯೋಗಕ್ಷೇಮ, ಮರಳಿ ಹೋಗಲು ವಿಮಾನದ ಟಿಕೆಟು, ಹೀಗೆ ಎಲ್ಲವೂ ಇವರ ತಲೆಯ ಮೇಲೆಯೇ. ಕಡತಗಳಲ್ಲಿ ಇವರಿಗೆ ಹೆಲ್ತ್ ವರ್ಕರ್, ಹೆಲ್ತ್ ಪ್ರಾಕ್ಟಿಷನರ್, ಲಿಯೇಸನ್ ಆಫೀಸರ್ ಎಂದು ಬೇರೆ ಬೇರೆ ಹೆಸರುಗಳಿವೆ. ಹೆಸರಿಗೆ ತಕ್ಕಂತೆ ಅಧಿಕಾರದಲ್ಲಿಯೂ ವ್ಯತ್ಯಾಸವಿದೆ. ಇಲ್ಲಿ ಒಟ್ಟಾಗಿ ಆರೋಗ್ಯ ಕಾರ್ಯಕರ್ತರು ಎನ್ನೋಣ.

ಮೇಲುನೋಟಕ್ಕೆ ಇದು ಸುಧಾರಿತ ಆಡಳಿತವೊಂದು ತೋರಿದ ಸೌಜನ್ಯ. ಭಾಷೆ ಬೇರೆ, ನಡೆನುಡಿ ಬೇರೆ, ಆದ್ದರಿಂದ ನಡುವೆ ಒಬ್ಬರಿರಲಿ ಎಂಬ ವಿವೇಕ. ಆದರೆ ಈ ಹುದ್ದೆಯ ಜಾಡನ್ನು ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಸೌಜನ್ಯವಲ್ಲ. ಮೂಲನಿವಾಸಿ ತಾಯಂದಿರು ಆಸ್ಪತ್ರೆಗೆ ಹೆದರುತ್ತಿದ್ದರು; ಹೆದರಲು ಅವರಿಗೆ ಕಾರಣವಿತ್ತು. ಒಳಗೆ ಹೋದ ಮಗು ಮನೆಗೆ ಮರಳದೆ ಇರಬಹುದಿತ್ತು, ರೋಗದ ದೆಸೆಯಿಂದಲ್ಲ, ಸರ್ಕಾರದ ಆಜ್ಞೆಯಿಂದ. ಆ ಭಯವನ್ನು ಹುಟ್ಟಿಸಿದ ವ್ಯವಸ್ಥೆಯೇ ಅದನ್ನು ಕರಗಿಸುವ ಕೆಲಸಕ್ಕೆ, ಹೆದರಿದವರ ಮಕ್ಕಳನ್ನೂ ಮೊಮ್ಮಕ್ಕಳನ್ನೂ ನೇಮಿಸಿಕೊಂಡಿತು. ಈ ಹುದ್ದೆಯ ಬಲವೂ ಇಕ್ಕಟ್ಟೂ ಇರುವುದು ಇಲ್ಲಿಯೇ.

ಬ್ರಿಟಿಷರು 1788ರಲ್ಲಿ ಸಿಡ್ನಿಯಲ್ಲಿ ನೆಲೆಯೂರಿದ ಮೇಲಿನ ಒಂದು ಶತಮಾನದ ಕತೆ, ಅಂದರೆ ನೆಲ ಕೈತಪ್ಪಿದ್ದು, ಸಿಡುಬು ಹಬ್ಬಿದ್ದು, ಕಗ್ಗೊಲೆಗಳು ನಡೆದದ್ದು, ಬಹುಮಟ್ಟಿಗೆ ತಿಳಿದದ್ದೇ. ನಮ್ಮ ವಿಷಯಕ್ಕೆ ಮುಖ್ಯವಾದವು ಅದರ ಬೆನ್ನಿಗೇ ಬಂದ 'ರಕ್ಷಣಾ' ಕಾಯಿದೆಗಳು. ವಿಕ್ಟೋರಿಯದಲ್ಲಿ 1869ರಲ್ಲಿ, ಕ್ವೀನ್ಸ್‌ಲ್ಯಾಂಡಿನಲ್ಲಿ 1897ರಲ್ಲಿ, ಪಶ್ಚಿಮ ಆಸ್ಟ್ರೇಲಿಯದಲ್ಲಿ 1905ರಲ್ಲಿ, ನ್ಯೂ ಸೌತ್ ವೇಲ್ಸಿನಲ್ಲಿ 1909ರಲ್ಲಿ ಇಂಥ ಕಾಯಿದೆಗಳು ಬಂದವು. ಪಶ್ಚಿಮ ಆಸ್ಟ್ರೇಲಿಯದ ಕಾಯಿದೆ ಹದಿನಾರು ವರ್ಷದೊಳಗಿನ ಪ್ರತಿಯೊಂದು ಮೂಲನಿವಾಸಿ ಮಗುವಿಗೂ 'ಮುಖ್ಯ ರಕ್ಷಕ' ಎಂಬ ಅಧಿಕಾರಿಯನ್ನೇ ಪೋಷಕನನ್ನಾಗಿ ಮಾಡಿತು. ಹೆತ್ತ ತಾಯಿ ಬದುಕಿದ್ದರೂ ಕಾನೂನಿನ ಕಣ್ಣಿಗೆ ಮಗುವಿನ ಹಕ್ಕುದಾರ ಪರ್ತ್ ನಗರದ ಕಚೇರಿಯಲ್ಲಿ ಕುಳಿತವನು. ನ್ಯೂ ಸೌತ್ ವೇಲ್ಸಿನಲ್ಲಿ 1915ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಗುವಿನ ನೈತಿಕ ಅಥವಾ ದೈಹಿಕ ಹಿತಕ್ಕೆ ಬೇಕೆಂದು ಮಂಡಳಿಗೆ ತೋರಿದರೆ ಸಾಕು, ನ್ಯಾಯಾಲಯದ ಮುಖ ನೋಡದೆ ಮಗುವನ್ನು ಒಯ್ಯಬಹುದಾಯಿತು.

1940ರಲ್ಲಿ ಆ ರಾಜ್ಯದ ಕಾನೂನು ಬದಲಾಗಿ, ಮಗು 'ನಿರ್ಲಕ್ಷಿತ'ವಾಗಿದೆ ಎಂಬುದನ್ನು ನ್ಯಾಯಾಲಯದ ಮುಂದೆ ತೋರಿಸಬೇಕೆಂಬ ನಿಯಮ ಬಂತು. ಕಾಗದದ ಮೇಲೆ ಇದು ಸುಧಾರಣೆ. ಆದರೆ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಸೊರಗಿದ ಮೈ, ಗುಣವಾಗದ ಕಜ್ಜಿ, ಸೋರುವ ಕಿವಿ, ಮತ್ತೆ ಮತ್ತೆ ಬರುವ ವಾಂತಿಭೇದಿ ಇವೆಲ್ಲ ಬಡತನದ, ಇಕ್ಕಟ್ಟಾದ ವಸತಿಯ, ಶುದ್ಧ ನೀರಿಲ್ಲದ ಬದುಕಿನ ಗುರುತುಗಳು. ಮಗುವನ್ನು ಆಸ್ಪತ್ರೆಗೆ ತಂದ ಗಳಿಗೆಯಿಂದ ಅವು ತಾಯಿಯ ಮೇಲಿನ ದೂರುಗಳಾಗಿ ಬರಹಕ್ಕೆ ಇಳಿಯಬಹುದಿತ್ತು. ಹೀಗಾಗಿ ಮಗುವಿಗೆ ಕಾಯಿಲೆ ಜೋರಾದಷ್ಟೂ ತಾಯಿ ಆಸ್ಪತ್ರೆಯಿಂದ ದೂರ ಸರಿದಳು, ತಡವಾಗಿ ತಂದಳು, ತಡವಾಗಿ ತಂದದ್ದೇ ಮತ್ತೊಂದು ನಿರ್ಲಕ್ಷ್ಯವೆನಿಸಿತು. ಒಯ್ದ ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆ ತಯಾರು ಮಾಡುತ್ತಿದ್ದ ಕೂಟಮಂಡ್ರದ ಪ್ರಸಿದ್ಧ ಬಾಲಕಿಯರ ನಿಲಯ 1911ರಲ್ಲಿ ಆರಂಭವಾದದ್ದು ಆ ಊರಿನ ಹಳೆಯ ಆಸ್ಪತ್ರೆಯ ಕಟ್ಟಡದಲ್ಲಿ. ಖಾಲಿ ಬಿದ್ದಿದ್ದ ಕಟ್ಟಡ ಅದೆಂಬುದಷ್ಟೇ ಅದಕ್ಕೆ ಕಾರಣವಿರಬೇಕು. ಆದರೂ ಇದನ್ನು ಓದುವಾಗ ಮನಸ್ಸು ಅಲ್ಲೇ ಒಂದು ಕ್ಷಣ ನಿಲ್ಲುತ್ತದೆ.

ಈ ಮಕ್ಕಳ ಅಪಹರಣವನ್ನು ಕುರಿತ ರಾಷ್ಟ್ರೀಯ ವಿಚಾರಣೆಯ ವರದಿ 1997ರ ಮೇ 26ರಂದು ಆಸ್ಟ್ರೇಲಿಯದ ಸಂಸತ್ತಿನ ಮುಂದೆ ಬಂತು. ನಿವೃತ್ತ ನ್ಯಾಯಾಧೀಶ ಸರ್ ರೊನಾಲ್ಡ್ ವಿಲ್ಸನ್ ಮತ್ತು ಮೂಲನಿವಾಸಿ ನಾಯಕ ಮಿಕ್ ಡಾಡ್ಸನ್ ಅದರ ಮುಂದಾಳುಗಳಾಗಿದ್ದರು. ಐನೂರಕ್ಕೂ ಹೆಚ್ಚು ಮೂಲನಿವಾಸಿಗಳ ಅನುಭವಗಳನ್ನು ಆಲಿಸಿದ್ದರು. ಸುಮಾರು 1910ರಿಂದ 1970ರವರೆಗೆ ಮೂಲನಿವಾಸಿ ಮಕ್ಕಳಲ್ಲಿ ಹತ್ತರಲ್ಲೊಬ್ಬರಿಂದ ಹಿಡಿದು ಮೂವರಲ್ಲೊಬ್ಬರವರೆಗೆ ಬಲವಂತವಾಗಿ ಮನೆಯಿಂದ ಬೇರ್ಪಟ್ಟರೆಂಬುದು ಅದರ ಅಂದಾಜು. ಹೆರಿಗೆಯಾದೊಡನೆ ಆಸ್ಪತ್ರೆಯಿಂದಲೇ ಒಯ್ದ ಕೂಸುಗಳ ಕತೆಗಳೂ ಆ ಸಾಕ್ಷ್ಯಗಳಲ್ಲಿವೆ. ದಾದಿಯೂ ಪೊಲೀಸನೂ ಒಂದೇ ಸರ್ಕಾರದ ಎರಡು ಕೈಗಳೆಂಬ ತಿಳಿವಳಿಕೆ ಹೀಗೆ ಮನೆಮನೆಯ ನೆನಪಾಯಿತು, ಅಜ್ಜಿಯಿಂದ ಮೊಮ್ಮಗಳಿಗೆ ಇಳಿದುಬಂತು.

ಮಗುವನ್ನು ಒಯ್ಯದ ಆಸ್ಪತ್ರೆಗಳೂ ಆದರದಿಂದ ಬರಮಾಡಿಕೊಂಡವೆಂದಲ್ಲ. ಒಳನಾಡಿನ ಅನೇಕ ಪಟ್ಟಣಗಳಲ್ಲಿ ಮೂಲನಿವಾಸಿಗಳಿಗೆ ಪ್ರತ್ಯೇಕ ವಾರ್ಡು, ಇಲ್ಲವೇ ಆಸ್ಪತ್ರೆಯ ಜಗಲಿ. 1965ರ ಫೆಬ್ರವರಿಯಲ್ಲಿ ಸಿಡ್ನಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಚಾರ್ಲ್ಸ್ ಪರ್ಕಿನ್ಸ್ ಎಂಬ ಮೂಲನಿವಾಸಿ ಯುವಕನ ನೇತೃತ್ವದಲ್ಲಿ ಬಸ್ಸಿನಲ್ಲಿ ಹೊರಟು, ಇಂಥ ಊರುಗಳ ಈಜುಕೊಳ, ಸಿನಿಮಾ ಮಂದಿರ, ಆಸ್ಪತ್ರೆಗಳಲ್ಲಿದ್ದ ಪಂಕ್ತಿಭೇದವನ್ನು ಪತ್ರಿಕೆಗಳ ಮುಖಪುಟಕ್ಕೆ ತಂದರು. ಅದೇ ಕಾಲಕ್ಕೆ ಮಕ್ಕಳ ಆಸ್ಪತ್ರೆಗಳೊಳಗೂ ಬೇರೊಂದು ಬದಲಾವಣೆ ನಡೆದಿತ್ತು. ಅದುವರೆಗೆ ಬಿಳಿಯರ ಮಕ್ಕಳಿಗೂ ತಾಯಿತಂದೆಯರ ಭೇಟಿ ವಾರಕ್ಕೆ ಕೆಲವೇ ತಾಸು. ಮಗು ಅತ್ತು ಸುಮ್ಮನಾದರೆ ಹೊಂದಿಕೊಂಡಿತು ಎಂದು ಆಸ್ಪತ್ರೆ ತಿಳಿಯುತ್ತಿತ್ತು. ಬ್ರಿಟನ್ನಿನಲ್ಲಿ 1959ರ ಪ್ಲ್ಯಾಟ್ ವರದಿ ಈ ಪದ್ಧತಿಯನ್ನು ತಳ್ಳಿಹಾಕಿ ತಾಯಿ ಮಗುವಿನ ಬಳಿಯಿರಬೇಕೆಂದಿತು. ಬ್ರಿಟನ್ನನ್ನು ನೋಡಿ ನಡೆಯುತ್ತಿದ್ದ ಆಸ್ಪತ್ರೆಗಳೂ ಕ್ರಮೇಣ ಬಾಗಿಲು ತೆರೆದವು. ಆದರೆ ಆ ಸುಧಾರಣೆ ಮನಸ್ಸಿನಲ್ಲಿಟ್ಟುಕೊಂಡಿದ್ದ ತಾಯಿ ಬಸ್ಸು ಹತ್ತಿ ಬರುವಷ್ಟು ಹತ್ತಿರದವಳು. ಮರುಭೂಮಿಯ ಅಂಚಿನಿಂದ ಮಗುವೊಂದನ್ನೇ ವಿಮಾನದಲ್ಲಿ ಕಳಿಸಿದ್ದ ತಾಯಿಗೆ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು?

ಈ ಕತ್ತಲಿನ ನಡುವೆ ಆಸ್ಪತ್ರೆಯ ಬಾಗಿಲನ್ನು ಇನ್ನೊಂದು ಕಡೆಯಿಂದ ತಟ್ಟಿದವರೂ ಇದ್ದರು. ಅವರಲ್ಲಿ ಒಬ್ಬರ ಬದುಕನ್ನು ಕೊಂಚ ವಿವರವಾಗಿ ನೋಡಬೇಕು.

ಲೊವಿಟ್ಜ ಒ'ಡೊನಹ್ಯು ಹುಟ್ಟಿದ್ದು 1932ರಲ್ಲಿ, ದಕ್ಷಿಣ ಆಸ್ಟ್ರೇಲಿಯದ ಒಳನಾಡಿನಲ್ಲಿ. ತಾಯಿ ಲಿಲಿ ಆ ಮರುಭೂಮಿಯ ಮೂಲನಿವಾಸಿ, ತಂದೆ ಐರಿಷ್ ಮೂಲದವನು. ಎರಡು ವರ್ಷದ ಮಗುವಾಗಿದ್ದಾಗ ಮಿಷನರಿಗಳ ಕೋಲ್‌ಬ್ರುಕ್ ನಿಲಯ ಸೇರಿದಳು. ಅಲ್ಲಿ ಹೆಸರನ್ನು ಲೋಯಿಸ್ ಎಂದು ಬದಲಿಸಿದರು. ತಾಯ ನುಡಿ ಹೋಯಿತು, ತಾಯ ಮುಖವೂ ನೆನಪಿನಲ್ಲಿ ಉಳಿಯಲಿಲ್ಲ. ಹದಿನಾರಕ್ಕೆ ಮನೆಗೆಲಸದವಳಾಗಿ ವಿಕ್ಟರ್ ಹಾರ್ಬರ್ ಎಂಬ ಕಡಲತಡಿಯ ಊರಿಗೆ ಬಂದು, ಮುಂದೆ ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಸಹಾಯಕಿಯಾದರು. ಪೂರ್ಣ ತರಬೇತಿಗೆಂದು ರಾಜಧಾನಿಯ ರಾಯಲ್ ಅಡಿಲೇಡ್ ಆಸ್ಪತ್ರೆಗೆ ಅರ್ಜಿ ಹಾಕಿದಾಗ ಮೂಲನಿವಾಸಿ ಎಂಬ ಕಾರಣಕ್ಕೆ ನಿರಾಕರಣೆ. ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ ನಿನ್ನ ಜನರ ಶುಶ್ರೂಷೆ ಮಾಡಿಕೊ ಎಂಬುದು ಅಲ್ಲಿನ ಮೇಟ್ರನ್ ಕೊಟ್ಟ ಸಲಹೆ. ಲೊವಿಟ್ಜ ಆಗ ಆಲಿಸ್ ಸ್ಪ್ರಿಂಗ್ಸನ್ನು ಕಂಡವರೇ ಅಲ್ಲ. ಸಭೆಗಳಾದವು, ರಾಜ್ಯದ ಪ್ರೀಮಿಯರ್‌ವರೆಗೆ ಮನವಿ ಹೋಯಿತು. 1954ರಲ್ಲಿ ಆಸ್ಪತ್ರೆ ಮಣಿಯಿತು. ಅದೇ ಕೋಲ್‌ಬ್ರುಕ್ ನಿಲಯದಲ್ಲಿ ಬೆಳೆದ ಫೇತ್ ಥಾಮಸ್ ಕೂಡ ಆ ಆಸ್ಪತ್ರೆಯ ಮೊದಮೊದಲ ಮೂಲನಿವಾಸಿ ದಾದಿಯರಲ್ಲಿ ಒಬ್ಬರು. ಕ್ರಿಕೆಟ್ ಪ್ರಿಯರು ಅವರ ಹೆಸರನ್ನು ಬೇರೆ ಕಾರಣಕ್ಕೆ ಕೇಳಿರಬಹುದು: 1958ರಲ್ಲಿ ಇಂಗ್ಲೆಂಡಿನ ವಿರುದ್ಧ ಟೆಸ್ಟ್ ಆಡಿ, ಆಸ್ಟ್ರೇಲಿಯ ತಂಡದ ಪರವಾಗಿ ಕಣಕ್ಕಿಳಿದ ಮೊದಲ ಮೂಲನಿವಾಸಿ ಮಹಿಳೆ ಎನಿಸಿದ ವೇಗದ ಬೌಲರ್ ಅವರು.

ಲೊವಿಟ್ಜ ಅವರ ಬದುಕಿನಲ್ಲಿ ಭಾರತವೂ ಒಮ್ಮೆ ಹಾದುಹೋಗುತ್ತದೆ. 1960ರ ದಶಕದ ಆರಂಭದಲ್ಲಿ ಬ್ಯಾಪ್ಟಿಸ್ಟ್ ಮಿಷನ್ನಿನ ದಾದಿಯಾಗಿ ಅವರು ಅಸ್ಸಾಮಿನಲ್ಲಿ ಕೆಲಸ ಮಾಡಿದರು. 1962ರಲ್ಲಿ ಚೀನಾ ಯುದ್ಧ ಸಿಡಿದಾಗ ಕಲ್ಕತ್ತೆಗೆ ಬಂದು, ಅಲ್ಲಿಂದ ಸ್ವದೇಶಕ್ಕೆ ಮರಳಬೇಕಾಯಿತು. ಮರಳಿದವರು ಆಸ್ಪತ್ರೆಯ ಬದಲು ಸರ್ಕಾರದ ಮೂಲನಿವಾಸಿ ಇಲಾಖೆ ಸೇರಿ ಒಳನಾಡಿಗೆ ಹೋದರು. ಆ ದಶಕದ ಕೊನೆಯಲ್ಲಿ ಕೂಬರ್ ಪೀಡಿ ಎಂಬ ಗಣಿಯೂರಿನ ಅಂಗಡಿಯ ಮುಂದೆ ನಿಂತಿದ್ದಾಗ, ಅಲ್ಲಿದ್ದ ಬಂಧುಗಳು ಅವರ ಮುಖದಲ್ಲಿ ಲಿಲಿಯ ಚಹರೆಯನ್ನು ಗುರುತಿಸಿದರು. ತಾಯಿ ಬದುಕಿರುವುದು, ಊಡ್ನಡಾಟ ಎಂಬ ಊರಿನಲ್ಲಿರುವುದು ತಿಳಿದದ್ದು ಆಗ. ಮೂವತ್ತು ವರ್ಷಕ್ಕೂ ಮಿಕ್ಕಿದ ಅಗಲಿಕೆಯ ಮೇಲೆ ತಾಯಿಯೂ ಮಗಳೂ ಎದುರುಬದುರಾದಾಗ ಅವರ ನಡುವೆ ಆಡಿಕೊಳ್ಳಲು ಒಂದು ಸಮಾನ ಭಾಷೆ ಇರಲಿಲ್ಲ. ಮುಂದೆ ಅವರು 1984ರಲ್ಲಿ 'ವರ್ಷದ ಆಸ್ಟ್ರೇಲಿಯನ್' ಎನಿಸಿದರು, 1992ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮಾತನಾಡಿದರು, 2024ರಲ್ಲಿ ತೀರಿಕೊಂಡರು. ಆದರೆ ನಮ್ಮ ಈ ಚರಿತ್ರೆಗೆ ಬೇಕಾದದ್ದು ಆ ಮೇಟ್ರನ್ನಿನ ಮಾತು. 'ನಿನ್ನ ಜನರ ಶುಶ್ರೂಷೆ ಮಾಡಿಕೊ' ಎಂಬುದು 1950ರ ದಶಕದಲ್ಲಿ ಬಾಗಿಲು ಮುಚ್ಚುವ ಮಾತಾಗಿತ್ತು. ಎರಡು ದಶಕ ಕಳೆಯುವಷ್ಟರಲ್ಲಿ ಅದೇ ಮಾತು ಒಂದು ವೃತ್ತಿಯ ಹೆಸರಾಯಿತು.

ಆ ವೃತ್ತಿಯ ಬೇರು ಉತ್ತರದ ಡಾರ್ವಿನ್ ನಗರದ ಬಳಿಯ ಒಂದು ಕುಷ್ಠಧಾಮದಲ್ಲಿದೆ. ಈಸ್ಟ್ ಆರ್ಮ್ ಎಂಬಲ್ಲಿ 1955ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಡಾ. ಜಾನ್ ಹಾರ್ಗ್ರೇವ್ ಎಂಬ ವೈದ್ಯರು ಮೂಲನಿವಾಸಿ ರೋಗಿಗಳಿಗೇ ಗಾಯ ಕಟ್ಟುವುದು, ಪಟ್ಟಿ ಹಾಕುವುದು, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವುದು ಎಲ್ಲವನ್ನೂ ಕಲಿಸಿದರು. ಗುಣವಾಗಿ ಊರಿಗೆ ಮರಳಿದವರು ಅಲ್ಲಿಯೂ ರೋಗದ ಮೊದಲ ಕುರುಹುಗಳನ್ನು ಗುರುತಿಸಬಲ್ಲವರಾದರು. ಕೈದಿಗಳಂತೆ ಕೂಡಿಹಾಕಿದ್ದ ಜಾಗದಿಂದಲೇ ಮೊದಲ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರು ಹೊರಬಂದದ್ದು ವಿಚಿತ್ರವೇ. ಅದು ಕೇವಲ ಔದಾರ್ಯವಲ್ಲ. ಅಷ್ಟು ದೂರದ ನಾಡಿನಲ್ಲಿ ಬೇರೆ ಯಾರೂ ಸಿಗುತ್ತಿರಲಿಲ್ಲ.

1967ರ ಮೇ 27ರ ಜನಮತ ಸಂಗ್ರಹದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮತಗಳು ಪರವಾಗಿ ಬಿದ್ದು, ಮೂಲನಿವಾಸಿಗಳಿಗಾಗಿ ಕೇಂದ್ರ ಸರ್ಕಾರವೇ ಕಾನೂನು ಮಾಡಬಹುದೆಂದಾಯಿತು. ಹಣ ಹರಿಯತೊಡಗಿತು. ಆದರೆ ನಿಜವಾದ ತಿರುವು 1971ರಲ್ಲಿ ಸಿಡ್ನಿಯ ರೆಡ್‌ಫರ್ನ್ ಬಡಾವಣೆಯ ಒಂದು ಅಂಗಡಿ ಮಳಿಗೆಯಲ್ಲಿ ಬಂತು. ಮಮ್ ಶರ್ಲ್ ಎಂದೇ ಹೆಸರಾದ ಶರ್ಲಿ ಸ್ಮಿತ್, ಗಾರ್ಡನ್ ಬ್ರಿಸ್ಕೊ ಮೊದಲಾದ ಮೂಲನಿವಾಸಿಗಳು, ಫ್ರೆಡ್ ಹಾಲೋಸ್ ಎಂಬ ನೇತ್ರವೈದ್ಯ, ಇನ್ನು ಕೆಲವರು ಸೇರಿ ಅಲ್ಲಿ ಮೂಲನಿವಾಸಿಗಳೇ ನಡೆಸುವ ವೈದ್ಯಸೇವೆಯನ್ನು ತೆರೆದರು. ವೈದ್ಯರು ಸಂಜೆ ಬಿಡುವು ಮಾಡಿಕೊಂಡು ಸಂಬಳವಿಲ್ಲದೆ ಬರುತ್ತಿದ್ದರು. ಬಾಗಿಲಲ್ಲಿ ಎದುರುಗೊಳ್ಳುವ ಮುಖ ಮಾತ್ರ ತಮ್ಮವರದೇ. ಬಂದ ಮಕ್ಕಳಿಗೆ ಔಷಧಿಗಿಂತ ಊಟ ಬೇಕಾಗಿದೆ ಎಂಬುದು ಬೇಗನೆ ತಿಳಿಯಿತು. ಆಹಾರ ಹಂಚುವುದೂ ವೈದ್ಯಸೇವೆಯ ಭಾಗವಾಯಿತು. ಇಂದು ಇಂಥ ಸಮುದಾಯ ಸಂಸ್ಥೆಗಳು ದೇಶದಲ್ಲಿ 140ಕ್ಕೂ ಹೆಚ್ಚಿವೆ. ದೊಡ್ಡ ಆಸ್ಪತ್ರೆಗಳು ಮೂಲನಿವಾಸಿ ಕಾರ್ಯಕರ್ತರನ್ನು ನೇಮಿಸಿಕೊಳ್ಳಲು ಮುಂದಾದದ್ದು ಈ ಮಳಿಗೆಗಳು ತೋರಿಸಿಕೊಟ್ಟ ಮೇಲೆ.

ಉತ್ತರ ಪ್ರಾಂತ್ಯ 1985ರಲ್ಲಿ ಈ ಕಾರ್ಯಕರ್ತರನ್ನು ಕಾನೂನುಬದ್ಧವಾಗಿ ನೋಂದಾಯಿಸತೊಡಗಿತು. 2012ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯವಾಗುವ ನೋಂದಣಿ ಬಂತು: ವೈದ್ಯರು, ದಾದಿಯರು, ದಂತವೈದ್ಯರು ಇರುವ ಅದೇ ವ್ಯವಸ್ಥೆಯಲ್ಲಿ ಮೂಲನಿವಾಸಿ ಆರೋಗ್ಯ ಪ್ರಾಕ್ಟಿಷನರುಗಳಿಗೂ ಒಂದು ಮಂಡಳಿ, ಅರ್ಹತೆ, ಶಿಸ್ತುಕ್ರಮ. ನಮ್ಮಲ್ಲಿ 1977ರ ಅಕ್ಟೋಬರಿನಲ್ಲಿ ಗ್ರಾಮ ಆರೋಗ್ಯ ಕಾರ್ಯಕರ್ತರ ಯೋಜನೆ ಶುರುವಾಯಿತು. 2005ರಿಂದ ಆಶಾ ಕಾರ್ಯಕರ್ತೆಯರಿದ್ದಾರೆ. ಇವರನ್ನು ನಾವು ಇವತ್ತಿಗೂ ಸ್ವಯಂಸೇವಕಿಯರೆಂದು ಕರೆದು, ಸಂಬಳದ ಬದಲು ಪ್ರೋತ್ಸಾಹಧನ ಕೊಡುತ್ತಿದ್ದೇವೆ. ಒಂದು ಕೆಲಸವನ್ನು ಸೇವೆ ಎಂದು ಹೊಗಳುವುದು ಅದನ್ನು ವೃತ್ತಿಯೆಂದು ಒಪ್ಪದಿರುವ ಅಗ್ಗದ ಉಪಾಯವೂ ಹೌದು.

ಇನ್ನು ವಾರ್ಡಿನೊಳಕ್ಕೆ ಬರೋಣ. ಕಾರ್ಯಕರ್ತೆಯ ಜ್ಞಾನವೆಂದರೇನು ಎಂಬುದಕ್ಕೆ ಬಂಧುತ್ವಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ, ಮತ್ತು ಇದನ್ನು ಗ್ರಹಿಸಲು ಕನ್ನಡಿಗರಾದ ನಮಗೆ ಇಂಗ್ಲಿಷರಿಗಿಂತ ಹೆಚ್ಚಿನ ಅನುಕೂಲವಿದೆ. ಮಧ್ಯ ಆಸ್ಟ್ರೇಲಿಯದ ಪಿಟ್ಜಂಟ್ಜಟ್ಜರ ಭಾಷೆಯಲ್ಲಿ ತಾಯಿಗೆ 'ಙುಞ್ಚು' ಎನ್ನುತ್ತಾರೆ. ತಾಯಿಯ ಅಕ್ಕತಂಗಿಯರಿಗೂ ಅದೇ ಪದ. ತಂದೆಗೂ ತಂದೆಯ ಅಣ್ಣತಮ್ಮಂದಿರಿಗೂ ಒಂದೇ ಪದ. ತಂದೆಯ ಅಕ್ಕತಂಗಿಯರಿಗೆ ಮಾತ್ರ ಬೇರೆ ಪದ, 'ಕುಂಟಿಲಿ'. ತಾಯಿಯ ಅಣ್ಣತಮ್ಮಂದಿರಿಗೆ 'ಕಮುರು'. ದೊಡ್ಡಮ್ಮ, ಚಿಕ್ಕಮ್ಮ, ದೊಡ್ಡಪ್ಪ, ಚಿಕ್ಕಪ್ಪ ಎಂದು ಅಮ್ಮಂದಿರನ್ನೂ ಅಪ್ಪಂದಿರನ್ನೂ ಎಣಿಸಿಕೊಂಡು, ಸೋದರತ್ತೆ ಸೋದರಮಾವಂದಿರನ್ನು ಬೇರೆಯಾಗಿರಿಸುವ ನಮ್ಮ ಮನೆಯ ಲೆಕ್ಕವೇ ಇದು. ಮಾನವಶಾಸ್ತ್ರಜ್ಞರು ದ್ರಾವಿಡ ಮತ್ತು ಆಸ್ಟ್ರೇಲಿಯದ ಬಂಧುತ್ವ ಪದ್ಧತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರುವುದು ಹೊಸದಲ್ಲ. ದಕ್ಷಿಣ ಭಾರತದ ವಿವಾಹ ಸಂಬಂಧಗಳನ್ನು ಕುರಿತ ಲೂಯಿ ಡುಮೋಂಟ್ ಅವರ 1983ರ ಗ್ರಂಥದಲ್ಲಿ ಆಸ್ಟ್ರೇಲಿಯದ ಬಗೆಗೂ ಪ್ರಬಂಧಗಳಿವೆ. ಸಾಮ್ಯ ರಚನೆಯದು, ರಕ್ತದ್ದಲ್ಲ. ಅದರಿಂದ ಕುಮಾರಿಖಂಡದ ಕತೆ ಕಟ್ಟಲು ಹೊರಡಬೇಕಾಗಿಲ್ಲ. ಪದಗಳಂತೂ ದಾರಿ ತಪ್ಪಿಸುತ್ತವೆ. ಪಿಟ್ಜಂಟ್ಜಟ್ಜರದಲ್ಲಿ ತಂದೆಗೆ 'ಮಾಮ' ಎನ್ನುತ್ತಾರೆ! ಆಸ್ಟ್ರೇಲಿಯದ ಒಳನಾಡಿನ ಆಸ್ಪತ್ರೆಗಳಲ್ಲಿ ಭಾರತೀಯ ಮೂಲದ ವೈದ್ಯರು ಬಹಳ ಮಂದಿ. ಮಗು ಮಾಮನನ್ನು ಕರೆದು ಅಳುವಾಗ ಅವರಲ್ಲಿ ಒಬ್ಬ ಕನ್ನಡಿಗರಿದ್ದರೆ ಯಾರಿಗೆ ಹೇಳಿಕಳಿಸುತ್ತಾರೋ.

ಈಗ ಆಸ್ಪತ್ರೆಯ ಅರ್ಜಿಯನ್ನು ನೋಡಿ. ತಾಯಿ, ತಂದೆ, ಪೋಷಕರು ಎಂದು ಅಲ್ಲಿ ಮೂರು ಮನೆಗಳಿವೆ. ಮಗುವಿನ ಜೊತೆ ಬಂದ ಹೆಂಗಸು ತಾಯಿಯೆಂದು ಹೇಳಿ ರುಜು ಹಾಕುತ್ತಾಳೆ. ಎರಡು ದಿನದ ಮೇಲೆ ಇನ್ನೊಬ್ಬಳು ಬಂದು ತಾನು ತಾಯಿ ಎನ್ನುತ್ತಾಳೆ. ದಾದಿಯ ಟಿಪ್ಪಣಿಯಲ್ಲಿ 'ಕುಟುಂಬದ ಹೇಳಿಕೆಗಳಲ್ಲಿ ಹೊಂದಾಣಿಕೆಯಿಲ್ಲ' ಎಂಬ ವಾಕ್ಯ ಸೇರುತ್ತದೆ. ಮಗುವಿಗೆ ಇಬ್ಬರೂ ತಾಯಂದಿರೇ, ಇಬ್ಬರಲ್ಲಿ ಯಾರೂ ಸುಳ್ಳಾಡಿಲ್ಲ ಎಂದು ಸರಿಯಾದ ಗಳಿಗೆಯಲ್ಲಿ ಹೇಳುವ ಒಬ್ಬರು ಅಲ್ಲಿರಬೇಕು. ಇಲ್ಲವಾದರೆ ಆ ಟಿಪ್ಪಣಿ ಎಲ್ಲಿಗೆ ತಲುಪುತ್ತದೆ ಎಂಬುದನ್ನು ಚರಿತ್ರೆ ಬಲ್ಲದು. ಕೆಲವು ಸಮುದಾಯಗಳಲ್ಲಿ ಅತ್ತೆ ಅಳಿಯಂದಿರು ಒಂದೇ ಕೋಣೆಯಲ್ಲಿ ಮುಖಾಮುಖಿ ಕೂರುವಂತಿಲ್ಲ. ಮಗುವಿನ ಅಜ್ಜಿ ಬಂದೊಡನೆ ತಂದೆ ಎದ್ದು ಹೊರನಡೆದರೆ, ಅದನ್ನು ಉದಾಸೀನವೆಂದು ಬರೆಯುವುದೋ, ಮರ್ಯಾದೆಯೆಂದು ತಿಳಿಯುವುದೋ? ತೀರಿಹೋದವರ ಹೆಸರನ್ನು ಬಹುಕಾಲ ಉಚ್ಚರಿಸಬಾರದೆಂಬ ನಿಯಮವೂ ಅನೇಕರಲ್ಲಿದೆ. ಅದೇ ಹೆಸರಿನವರು ಬದುಕಿದ್ದರೆ ಅವರನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ. ಹೊರರೋಗಿ ವಿಭಾಗದಲ್ಲಿ ಹೆಸರು ಕೂಗಿದಾಗ ಯಾರೂ ಎದ್ದುಬರದಿದ್ದರೆ ಅವರು ಗೈರುಹಾಜರಾಗಿದ್ದಾರೆ ಎಂದೇ ಅರ್ಥವಲ್ಲ.

ಮಾತಿನ ಕಷ್ಟ ಇದಕ್ಕಿಂತ ಸೂಕ್ಷ್ಮವಾದುದು. ಹೊರನಾಡಿನಲ್ಲಿ ಮಕ್ಕಳನ್ನು ಸಾಕಿದ ನಮಗೆ ಅದರ ಒಂದು ಅಂಚು ಗೊತ್ತು. 'ಹೊಟ್ಟೆಯಲ್ಲಿ ಸಂಕಟ' ಎಂಬುದನ್ನು ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಹೇಳಲು ಹೋಗಿ ಕೊನೆಗೆ ಹೊಟ್ಟೆನೋವು ಎಂದು ಹೇಳಿ ಬಂದವರು ನಮ್ಮಲ್ಲಿ ಎಷ್ಟು ಜನ! ಆದರೆ ಹೋಲಿಕೆಯನ್ನು ಅಲ್ಲಿಗೇ ಬಿಡಬೇಕು. ನಾವು ಉದ್ಯೋಗ ಅರಸಿ ಬಂದವರು. ಅವರು ತಮ್ಮ ನೆಲದಲ್ಲಿಯೇ ಪರಭಾಷಿಕರಾದವರು. ಅಧಿಕಾರದಲ್ಲಿರುವವರು ಕೇಳಿದ ಪ್ರಶ್ನೆಗೆ, ಅರ್ಥವಾಗದಿದ್ದರೂ, ಹೌದು ಎಂದುಬಿಡುವ ರೂಢಿಯನ್ನು ಡಯಾನಾ ಈಡ್ಸ್ ಅವರಂಥ ಭಾಷಾಶಾಸ್ತ್ರಜ್ಞರು ಪೊಲೀಸ್ ಠಾಣೆ, ನ್ಯಾಯಾಲಯಗಳ ಸಂದರ್ಭದಲ್ಲಿ ವಿವರವಾಗಿ ತೋರಿಸಿದ್ದಾರೆ. ಅಲ್ಲಿ ಹೌದು ಎಂದರೆ ಒಪ್ಪಿಗೆಯಲ್ಲ. ಈ ಮಾತುಕತೆ ಬೇಗ ಮುಗಿಯಲಿ ಎಂಬ ಹಾರೈಕೆ. ಡಾರ್ವಿನ್ನಿನ ಯೊಲ್ಙು ಮೂತ್ರಪಿಂಡ ರೋಗಿಗಳ ಬಗ್ಗೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ, ವೈದ್ಯರಿಗೂ ರೋಗಿಗಳಿಗೂ ನಡುವೆ ಅಪಾರ್ಥಗಳು ತುಂಬಿದ್ದವೆಂದೂ, ಎಷ್ಟೋ ಬಾರಿ ಅಪಾರ್ಥವಾಗಿದೆ ಎಂಬ ಅರಿವೇ ಯಾರಿಗೂ ಇರಲಿಲ್ಲವೆಂದೂ ಕಂಡುಕೊಂಡಿತು. ದೊಡ್ಡವರ ಗತಿಯೇ ಇದಾದರೆ, ಮಗುವಿನ ಎದೆ ಸೀಳಿ ಶಸ್ತ್ರಚಿಕಿತ್ಸೆ ಮಾಡಲು ತಾಯಿ ಕೊಟ್ಟ ಒಪ್ಪಿಗೆಯನ್ನು ಏನೆಂದು ತಿಳಿಯಬೇಕು? ಉತ್ತರ ಪ್ರಾಂತ್ಯದಲ್ಲಿ ಸರ್ಕಾರಿ ದುಭಾಷಿ ಸೇವೆ ಬಂದದ್ದು 2000ದಲ್ಲಿ.

ಎದೆಯ ಶಸ್ತ್ರಚಿಕಿತ್ಸೆ ಎಂದದ್ದು ಬಾಯಿಮಾತಿಗಲ್ಲ. ಗಂಟಲುನೋವಿನಿಂದಲೋ ಚರ್ಮದ ಹುಣ್ಣಿನಿಂದಲೋ ಆರಂಭವಾಗಿ ಹೃದಯದ ಕವಾಟಗಳನ್ನು ಹಾಳುಮಾಡುವ ರುಮ್ಯಾಟಿಕ್ ಹೃದ್ರೋಗ ಶ್ರೀಮಂತ ಆಸ್ಟ್ರೇಲಿಯದ ಬಿಳಿಯ ಮಕ್ಕಳಲ್ಲಿ ಹೆಚ್ಚುಕಡಿಮೆ ಇಲ್ಲವಾಗಿದೆ. ಮೂಲನಿವಾಸಿ ಮಕ್ಕಳಲ್ಲಿ ಅದರ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಅದನ್ನು ತಡೆಯಲು ಸುಮಾರು ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ, ಬಲು ನೋವಿನ ಪೆನಿಸಿಲಿನ್ ಚುಚ್ಚುಮದ್ದು ಬೇಕು. ಆರೋಗ್ಯವಾಗಿ ಆಡಿಕೊಂಡಿರುವ ಹತ್ತು ವರ್ಷದ ಹುಡುಗನನ್ನು ತಿಂಗಳು ತಿಂಗಳು ಹುಡುಕಿ ಕರೆತಂದು ಸೂಜಿ ಚುಚ್ಚಬೇಕಾದರೆ, ಕರೆಯುವವರು ಅವನ ಮನೆಯ ಅಂಗಳಕ್ಕೆ ಸಲಿಗೆಯಿಂದ ಕಾಲಿಡಬಲ್ಲವರಾಗಿರಬೇಕು. ಹಳ್ಳಿಯ ಕ್ಲಿನಿಕ್ಕಿನ ಕಾರ್ಯಕರ್ತೆ ಮಾಡುವುದು ಇದನ್ನೇ. ಇದು ತಪ್ಪಿದಲ್ಲಿ ಕವಾಟ ಕೆಡುತ್ತದೆ, ಮಗು 3000 ಕಿಲೋಮೀಟರ್ ದೂರದ ಮೆಲ್ಬರ್ನಿಗೆ ಹಾರುತ್ತದೆ. ಅಲ್ಲಿನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯಲ್ಲಿ ಮೂಲನಿವಾಸಿ ಕುಟುಂಬಗಳಿಗೆಂದೇ 'ವಾಡ್ಜ' ಎಂಬ ನೆಲೆಯಿದೆ. ಪರ್ತಿನ ಮಕ್ಕಳ ಆಸ್ಪತ್ರೆಯ ಯೋಜನೆಗೆ 'ಕೂರ್ಲಿನಿ ಮೂರ್ಟ್' ಎಂದು ಹೆಸರು. ಆ ಊರಿನ ನೂಂಗರ್ ಭಾಷೆಯಲ್ಲಿ ಕುಟುಂಬಗಳೊಡನೆ ನಡೆಯುವುದು ಎಂದರ್ಥ. ಮಗು ಆಸ್ಪತ್ರೆಯಿಂದ ಹೊರಟ ಮೇಲೂ ಊರಿನ ಸಮುದಾಯ ಸಂಸ್ಥೆಯ ಕೈಗೆ ಅದನ್ನು ಒಪ್ಪಿಸುವವರೆಗೆ ಜೊತೆಗಿರುವುದು ಅದರ ಉದ್ದೇಶ. ದಕ್ಷಿಣ ಆಸ್ಟ್ರೇಲಿಯದ ಕೆಲವು ಆಸ್ಪತ್ರೆಗಳಿಗೆ ಙಂಕಾರಿ ಎಂಬ ಪಾರಂಪರಿಕ ವೈದ್ಯರೂ ಬರುತ್ತಾರೆ. ಅವರ ಸ್ಪರ್ಶ ಕವಾಟವನ್ನು ಸರಿಪಡಿಸುವುದಿಲ್ಲ, ಹಾಗೆಂದು ಯಾರೂ ಹೇಳುವುದೂ ಇಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಮಗುವಿನ ಜೀವಕ್ಕೆ ಧೈರ್ಯ ತುಂಬಿದರೆಂಬ ನೆಮ್ಮದಿ ಅಜ್ಜಿಗೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಬಗೆಹರಿಯದೆ ಉಳಿಯುತ್ತದೆ. ಈ ಕಾರ್ಯಕರ್ತೆ ಯಾರ ಕಡೆಯವಳು? ಸಂಬಳ ಆಸ್ಪತ್ರೆಯದು, ನಂಟು ಹಾಸಿಗೆಯಲ್ಲಿರುವ ಮಗುವಿನದು. ಮೂಲನಿವಾಸಿ ಮಕ್ಕಳು ಸರ್ಕಾರದ ಪಾಲನೆಗೆ ಹೋಗುವ ಪ್ರಮಾಣ ಇಂದಿಗೂ ಇತರ ಮಕ್ಕಳದಕ್ಕಿಂತ ಸುಮಾರು ಹತ್ತು ಪಟ್ಟು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೋರಿದ ಮೇಲೂ ಈ ಅಂತರ ಮುಚ್ಚಿಲ್ಲ. 2020ರ ರಾಷ್ಟ್ರೀಯ ಒಪ್ಪಂದ 2031ರೊಳಗೆ ಇದನ್ನು ಶೇಕಡಾ 45ರಷ್ಟು ತಗ್ಗಿಸುವ ಗುರಿಯಿಟ್ಟಿದೆ. ಮಗುವಿನ ಮೈಮೇಲೆ ಅನುಮಾನದ ಗಾಯ ಕಂಡರೆ ಮಕ್ಕಳ ರಕ್ಷಣಾ ಇಲಾಖೆಗೆ ತಿಳಿಸುವುದು ಆಸ್ಪತ್ರೆಯ ಹೊಣೆ. ಕೆಲವೊಮ್ಮೆ ಅದು ಮಗುವಿನ ಪ್ರಾಣ ಉಳಿಸುವ ಹೊಣೆಯೂ ಹೌದು. ಆ ಸಭೆಯಲ್ಲಿ ಕಾರ್ಯಕರ್ತೆಯನ್ನು ಕರೆದು ಕೂರಿಸಿದರೆ, ಹೊರಗೆ ಕಾಯುತ್ತಿರುವ ತಾಯಿಯ ಕಣ್ಣಿಗೆ ಅವಳು ಒಯ್ಯುವವರ ಜೊತೆಗಾತಿ. ಕರೆಯದೆ ಬಿಟ್ಟರೆ ಆ ಕುಟುಂಬವನ್ನು ಬಲ್ಲ ಏಕೈಕ ದನಿ ಒಳಗೆ ಇಲ್ಲದಂತಾಗುತ್ತದೆ. ನೋಂದಣಿ, ಪದವಿ, ಸಂಬಳ ಎಂಬುವು ಒಣ ಆಡಳಿತದ ಮಾತುಗಳಾಗಿ ತೋರಬಹುದು. ಆದರೆ ಆ ಮೇಜಿನ ಬಳಿ ಆಕೆ ದುಭಾಷಿಯಾಗಿ ಕುಳಿತಿದ್ದಾಳೋ, ತನ್ನ ವೃತ್ತಿಯ ತೀರ್ಮಾನವನ್ನು ಕಡತದಲ್ಲಿ ಬರೆಯಬಲ್ಲವಳಾಗಿ ಕುಳಿತಿದ್ದಾಳೋ ಎಂಬುದು ಅವುಗಳಿಂದಲೇ ನಿರ್ಧಾರವಾಗುತ್ತದೆ. ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ಇವರಿಗೆ ಎರಡನೆಯ ಸ್ಥಾನ ಸಿಕ್ಕಿರುವುದಕ್ಕಿಂತ ಮೊದಲನೆಯದೇ ಹೆಚ್ಚೆಂದು ನನಗೆ ತೋರುತ್ತದೆ. ಕರೆದರೆ ಬರಬೇಕು, ತಾಯಿಯನ್ನು ಒಪ್ಪಿಸಬೇಕು, ಹೋಗಬೇಕು.

ಆಸ್ಟ್ರೇಲಿಯದ ಆಸ್ಪತ್ರೆಗಳಲ್ಲಿ ದಾಖಲಾಗುವ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೇಳಬೇಕೆಂಬ ನಿಯಮವಿದೆ: ನೀವು ಮೂಲನಿವಾಸಿಯೇ, ಅಥವಾ ಟಾರೆಸ್ ಜಲಸಂಧಿಯ ದ್ವೀಪದವರೇ? ಹೌದು ಎಂದರೆ ಕಾರ್ಯಕರ್ತೆಗೆ ಸುದ್ದಿ ಹೋಗುತ್ತದೆ, ಸೌಲಭ್ಯಗಳು ತೆರೆದುಕೊಳ್ಳುತ್ತವೆ. ಅಲ್ಲ ಎನ್ನುವ ಮೂಲನಿವಾಸಿ ತಾಯಂದಿರು ಇಂದಿಗೂ ಇದ್ದಾರೆ. ಅವರ ಅಜ್ಜಿಯರ ಕಾಲದಲ್ಲಿ ಅದೇ ಪ್ರಶ್ನೆಗೆ ಹೌದು ಎಂಬ ಉತ್ತರ ಏನನ್ನು ತಂದಿತ್ತೆಂಬುದು ಅವರಿಗೆ ಮರೆತಿಲ್ಲ. ಅರ್ಜಿಯಲ್ಲಿ 'ಅಲ್ಲ' ಎಂದಿದ್ದರೂ ಮನೆತನದ ಹೆಸರನ್ನೋ ಊರನ್ನೋ ನೋಡಿ ಸುಳಿವು ಹಿಡಿದು, ಏನೂ ಕೇಳದವಳಂತೆ ವಾರ್ಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂರುವ ಕಾರ್ಯಕರ್ತೆಯರೂ ಇದ್ದಾರೆ. ಅವರು ಕಾಯಿಲೆಯ ಮಾತನ್ನು ಎತ್ತುವುದಿಲ್ಲ. ಮೊದಲು ತನ್ನ ಊರು ಯಾವುದು, ತಾನು ಯಾರ ಮೊಮ್ಮಗಳು ಎಂಬುದನ್ನು ಹೇಳಿಕೊಳ್ಳುತ್ತಾರೆ. ಆಮೇಲೆ ತಾಯಿಯನ್ನು ಕೇಳುತ್ತಾರೆ, ನಿಮ್ಮವರು ಯಾವ ಕಡೆಯವರು ಎಂದು.